ಎಕ್ಸಾಸ್ಟ್‌ನಲ್ಲಿ ನೀರು: ಹಿಂದಿನ ಬಾಗಿಲು ಕಾಯ್ತಾ ಕೂತೆ, ಅದು ಮುಂದಿನ ಬಾಗಿಲಿಂದ ಬಂತು

ಕೀ ತಿರುಗಿಸಿದೆ, ಟಕ್ ಅಂತ ಒಂದು ಸದ್ದು, ಅಷ್ಟೇ. ಸ್ಟಾರ್ಟರ್ ಮೋಟರ್ ಗೋಡೆಗೆ ಗುದ್ದಿದ ಹಾಗೆ ನಿಂತೋಯ್ತು. ಬ್ಯಾಟರಿ ಡೌನ್ ಆಗಿರ್ಬೇಕು ಅನ್ಕೊಂಡು ಇನ್ನೊಂದ್ಸಲ ತಿರುಗಿಸಿದೆ, ಮತ್ತೆ ಅದೇ ಟಕ್. ಆ ಎರಡನೇ ಸಲ ತಿರುಗಿಸಿದ್ದು ನೆನೆಸಿಕೊಂಡ್ರೆ ಈಗ್ಲೂ ಹೊಟ್ಟೆಯೊಳಗೆ ಏನೋ ಆಗುತ್ತೆ, ಯಾಕಂದ್ರೆ ಸಿಲಿಂಡರ್ ಒಳಗೆ ನೀರು ಕೂತಿತ್ತು, ನೀರನ್ನ ಗಾಳಿ ಥರ ಒತ್ತಿ ಕುಗ್ಗಿಸೋಕಾಗಲ್ಲ, ಸ್ಟಾರ್ಟರ್ ಜೋರಾಗಿದ್ದಿದ್ರೆ ಕನೆಕ್ಟಿಂಗ್ ರಾಡ್ ಬಗ್ಗಿ ಅಲ್ಲಿಗೆ ಎಂಜಿನ್ ಕಥೆ ಮುಗೀತಿತ್ತು.

ದೋಣಿ ಸುಮಾರು 9 ಮೀಟರ್ ಉದ್ದದ ಹಾಯಿದೋಣಿ, ಮೆಟ್ಟಿಲ ಹಿಂದೆ ಎರಡು ಸಿಲಿಂಡರ್‌ನ ಸಣ್ಣ ಡೀಸೆಲ್ ಎಂಜಿನ್. ಬೆಳಗ್ಗೆ ಎರಡು ಗಂಟೆ ಗಾಳಿ ಇಲ್ದೆ ಎಂಜಿನ್ ಮೇಲೇ ಬಂದಿದ್ವಿ, ಒಂದು ತೊಂದ್ರೆ ಇರ್ಲಿಲ್ಲ. ಲಂಗರು ಹಾಕಿ ಐದು ಗಂಟೆ ನಿಂತ್ವಿ, ವಾಪಸ್ ಹೊರಡೋಕೆ ನೋಡಿದ್ರೆ ಹೀಗೆ. ಈ "ಐದು ಗಂಟೆ ನಿಂತ್ವಿ" ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ನಾನು ಇಟ್ಕೊಳ್ಳಲಿಲ್ಲ, ಅದಕ್ಕೇ ಒಂದು ತಿಂಗಳು ದಂಡ ಆಯ್ತು.

ಮೊದಲು ಎಂಜಿನ್ ಉಳಿಸ್ಕೊಳ್ಳೋ ಕೆಲಸ. ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ ಮೇಲಿನ ಗೆರೆ ದಾಟಿ ನಿಂತಿದೆ, ಬಣ್ಣ ಬೂದು ಬೂದು, ಅಂದ್ರೆ ಪಿಸ್ಟನ್ ರಿಂಗ್ ದಾಟಿ ಕೆಳಗೆ ಎಂಜಿನ್ ಆಯಿಲ್ ನಿಲ್ಲೋ ಸಂಪ್‌ವರೆಗೂ ಉಪ್ಪುನೀರು ಇಳಿದಿದೆ. ಸೀಕಾಕ್ (ಸಮುದ್ರದ ನೀರು ಒಳಗೆ ಬರೋ ದೋಣಿ ತಳದ ವಾಲ್ವ್) ಮುಚ್ಚಿ, ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸೋ ಎರಡೂ ಇಂಜೆಕ್ಟರ್ ಬಿಚ್ಚಿ, ಒಳಗಿನ ಒತ್ತಡ ಬಿಡಿಸೋ ಡಿಕಂಪ್ರೆಶನ್ ಲಿವರ್ ಎತ್ತಿ, ಕ್ರ್ಯಾಂಕ್ ಪುಲ್ಲಿ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ತಮ್ಮ ಮೇಲೆ ಟಾರ್ಚ್ ಹಿಡ್ಕೊಂಡು ಬಗ್ಗಿ ನೋಡ್ತಿದ್ದ, ಎರಡನೇ ಸಿಲಿಂಡರ್‌ನ ತೂತಿಂದ ಪಿಚಕಾರಿ ಥರ ನೀರು ಚಿಮ್ಮಿ ಅವನ ಮುಖಕ್ಕೇ ಹೊಡೀತು. "ಅಣ್ಣಾ, ಇದು ಉಪ್ಪಿದೆ" ಅಂದ. ಲ್ಯಾಬ್ ಟೆಸ್ಟ್ ಅಲ್ಲಿಗೆ ಮುಗೀತು.

ಎಷ್ಟು ನೀರು ಸಾಕು ಅಂತ ಆಮೇಲೆ ಲೆಕ್ಕ ಹಾಕಿದೆ. ನನ್ನದು ಒಂದೊಂದು ಸಿಲಿಂಡರ್ 400 ಸಿಸಿ, ಕಂಪ್ರೆಶನ್ ರೇಶಿಯೋ 22, ಅಂದ್ರೆ 22 ಪಾಲು ಜಾಗದಲ್ಲಿ 21 ಪಾಲು ಪಿಸ್ಟನ್ ಓಡಾಡೋದು, ಒಂದು ಪಾಲು ಉಳಿಯೋದು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ತಲೆ ಮೇಲೆ ಉಳಿಯೋ ಜಾಗ 400 ಭಾಗಿಸು 21, ಅಂದ್ರೆ 19 ಮಿಲಿ. ನಾಲ್ಕು ಟೀ ಸ್ಪೂನು! ಅದಕ್ಕಿಂತ ಸ್ವಲ್ಪ ಜಾಸ್ತಿ ನೀರು ಸೇರಿದ್ರೂ ಪಿಸ್ಟನ್ ಮೇಲೆ ಬರೋಕೆ ದಾರೀನೇ ಇಲ್ಲ. ಬಕೆಟ್‌ಗಟ್ಟಲೆ ನೀರು ನುಗ್ಗಿದ್ರೆ ಮಾತ್ರ ಅಪಾಯ ಅಂತ ನಾನು ಅಲ್ಲಿವರೆಗೂ ತಿಳ್ಕೊಂಡಿದ್ದೆ.

ನೀರೆಲ್ಲ ಹೊರಗೆ ಹೋದ್ಮೇಲೆ ಸಿಲಿಂಡರ್‌ಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಕೈಯಲ್ಲಿ ತಿರುಗಿಸಿ, ಹಳೇ ಆಯಿಲ್ ಪಂಪ್ ಮಾಡಿ ತೆಗೆದು, ಹೊಸ ಆಯಿಲ್ ಫಿಲ್ಟರ್ ಹಾಕಿ, ವಾಟರ್‌ಲಾಕ್ (ಎಕ್ಸಾಸ್ಟ್‌ನ ನೀರು ಕೂಡೋ ಡಬ್ಬಿ) ಖಾಲಿ ಮಾಡಿ ಸ್ಟಾರ್ಟ್ ಮಾಡಿದೆ. ಬಿಳಿ ಹೊಗೆ ಕಕ್ಕಿ ಕಕ್ಕಿ ಕೊನೆಗೂ ಹಿಡ್ಕೊಂಡ್ತು. ಹತ್ತು ನಿಮಿಷ ಓಡಿಸಿ ಮತ್ತೆ ಆಯಿಲ್ ಬದಲು, ಒಂದು ಗಂಟೆ ಓಡಿಸಿ ಮೂರನೇ ಸಲ ಬದಲು. ಇದೆಲ್ಲ ಅವತ್ತೇ ಮಾಡ್ಬೇಕು, ಭಾನುವಾರ ನೋಡ್ಕೊಂಡ್ರಾಯ್ತು ಅಂತ ಬಿಟ್ರೆ ಉಪ್ಪುನೀರು ರಿಂಗ್, ವಾಲ್ವ್ ಎಲ್ಲ ತುಕ್ಕು ಹಿಡಿಸಿ ಎಂಜಿನ್ನನ್ನ ಬಂಡೆ ಮಾಡುತ್ತೆ.

ಈಗ ಮುಖ್ಯ ವಿಷಯ, ನೀರು ಬಂದಿದ್ದು ಎಲ್ಲಿಂದ?

ಗೊತ್ತಿಲ್ಲದವರಿಗೆ ಒಂಚೂರು ಹೇಳ್ತೀನಿ. ದೋಣಿ ಎಂಜಿನ್‌ನ ಎಕ್ಸಾಸ್ಟ್‌ಗೆ ನಾವೇ ಬೇಕೂಂತ ನೀರು ಸೇರಿಸ್ತೀವಿ. ದೋಣಿ ತಳದ ಸೀಕಾಕ್‌ನಿಂದ ರಾ ವಾಟರ್ ಪಂಪ್ ಸಮುದ್ರದ ನೀರು ಎಳೀತದೆ, ಅದು ಹೀಟ್ ಎಕ್ಸ್‌ಚೇಂಜರ್ ಹಾದು ಎಂಜಿನ್ ತಣ್ಣಗೆ ಮಾಡಿ, ಕೊನೆಗೆ ಮಿಕ್ಸಿಂಗ್ ಎಲ್ಬೋ ಅನ್ನೋ ಬಾಗಿದ ಪೈಪಲ್ಲಿ ಬಿಸಿ ಹೊಗೆ ಜೊತೆ ಸೇರ್ಕೊಳ್ಳುತ್ತೆ. ನೀರು ಸೇರಿ ಹೊಗೆ ತಣ್ಣಗಾಗೋದ್ರಿಂದಲೇ ಅಲ್ಲಿಂದ ಮುಂದೆ ರಬ್ಬರ್ ಹೋಸ್ ಹಾಕೋಕಾಗೋದು. ಈ ಮಿಶ್ರಣ ಕೆಳಗಿರೋ ವಾಟರ್‌ಲಾಕ್ ಅನ್ನೋ ಡಬ್ಬಿಗೆ ಬೀಳುತ್ತೆ, ಅಲ್ಲಿ ನೀರು ತುಂಬಿ ಹೊರಪೈಪಿನ ಬಾಯಿ ಮುಚ್ಚಿಕೊಂಡ ತಕ್ಷಣ ಹೊಗೆ ಒತ್ತಡವೇ ನೀರನ್ನ ಮೇಲಕ್ಕೆ ತಳ್ಳಿ ದೋಣಿ ಹಿಂಭಾಗದ ಗೋಡೆ, ಅಂದ್ರೆ ಟ್ರಾನ್ಸಮ್‌ನಿಂದ ಹೊರಗೆ ಉಗುಳುತ್ತೆ. ಹಿಂದೆ ಕೇಳೋ ಆ ಗುಳುಕ್ ಗುಳುಕ್ ಸದ್ದು ಇದೇ. ಎಂಜಿನ್ ಆಫ್ ಆದ್ರೆ ತಳ್ಳೋರು ಯಾರೂ ಇಲ್ಲ, ಹೋಸ್‌ನಲ್ಲಿದ್ದ ನೀರು ವಾಪಸ್ ಡಬ್ಬಿಗೆ ಇಳಿಯುತ್ತೆ. ಅಲ್ಲಿಂದ ಮುಂದಕ್ಕೆ ಎಂಜಿನ್ನಿಗೂ ಸಮುದ್ರಕ್ಕೂ ನಡುವೆ ಇರೋದು ಎತ್ತರ ಒಂದೇ. ಇಡೀ ಆಟ ಸೆಂಟಿಮೀಟರ್‌ಗಳದ್ದು.

ನಾನು ಎಲ್ಲರೂ ಮಾಡೋದನ್ನೇ ಮಾಡ್ದೆ. ಎಕ್ಸಾಸ್ಟ್‌ನಲ್ಲಿ ನೀರು ಅಂದ್ರೆ ಹಿಂದಿನ ತೂತಿಂದಲೇ ಅಲೆ ನುಗ್ಗಿರ್ಬೇಕು ಅಂತ ತೀರ್ಮಾನ. ಟ್ರಾನ್ಸಮ್‌ನ ಬಾಯಿ ಅಳೆದ್ರೆ ನೀರಿನ ಮಟ್ಟಕ್ಕಿಂತ 6 ಸೆಂ.ಮೀ. ಮೇಲಿದೆ, ಆದ್ರೆ ಮೂರು ಜನ ಹಿಂದಿನ ಕೂರೋ ಜಾಗ ಕಾಕ್‌ಪಿಟ್‌ನಲ್ಲಿ ಕೂತ್ರೆ ಹಿಂಭಾಗ ಕುಸಿದು ಅದೇ ಬಾಯಿ ನೀರೊಳಗೆ ಹೋಗುತ್ತೆ. ಹೋಸ್ ನೋಡಿದ್ರೆ ವಾಟರ್‌ಲಾಕ್‌ನಿಂದ ಹೊರಟು ಸುಮ್ನೆ ಓರೆಯಾಗಿ ಟ್ರಾನ್ಸಮ್‌ಗೆ ಹೋಗಿದೆ, ಅತಿ ಎತ್ತರದ ಜಾಗವೇ 15 ಸೆಂ.ಮೀ. ಸಿಕ್ಕಿಬಿಟ್ಟ ಕಳ್ಳ ಅಂತ ಖುಷಿಯಾಯ್ತು.

ಎರಡು ವಾರಾಂತ್ಯ ಅದಕ್ಕೇ ಹೋಯ್ತು. ಹಿಂದಿನ ಲಾಕರ್‌ನಲ್ಲಿ ಡೆಕ್‌ಗೆ ತಾಗೋ ಹಾಗೆ ಗೂಸ್‌ನೆಕ್ ಕೂರಿಸಿದೆ, ಬಾತುಕೋಳಿ ಕತ್ತಿನ ಥರ ಮೇಲೆ ಹೋಗಿ ಬಗ್ಗಿ ಕೆಳಗೆ ಬರೋ ಪೀಸು, ಅದರ ನೆತ್ತಿ ಈಗ ನೀರಿನ ಮಟ್ಟದಿಂದ 35 ಸೆಂ.ಮೀ. ಮೇಲೆ. ಅಲ್ಲಿಂದ ಟ್ರಾನ್ಸಮ್‌ವರೆಗೆ ಒಂದೇ ಸಮ ಇಳಿಜಾರು, ಎಲ್ಲೂ ನೀರು ನಿಲ್ಲೋ ಹೊಟ್ಟೆ ಬಿಡ್ಲಿಲ್ಲ. ಹೊರಗೆ ಒಂದು ರಬ್ಬರ್ ಫ್ಲಾಪ್. ಹೋಸ್ ಪೂರ್ತಿ ಹೊಸದು, 50 ಮಿ.ಮೀ., ಒಳಗೆ ಸ್ಟೀಲ್ ತಂತಿ ಸುತ್ತಿರೋದು, ಮೇಲೆ ಎಸ್‌ಎಇ ಜೆ2006 ಅಂತ ಅಚ್ಚಾಗಿರೋದೇ ತಗೊಂಡೆ, ಅದು ಮರೀನ್ ಎಕ್ಸಾಸ್ಟ್ ಹೋಸ್‌ನ ಸ್ಟ್ಯಾಂಡರ್ಡು. ಬಾತ್‌ರೂಮ್ ಪೈಪು, ಬಿಲ್ಜ್ ಪೈಪು ಎಲ್ಲ ಇಲ್ಲಿ ಹಾಕ್ಬೇಡಿ, ಕೂಲಿಂಗ್ ನೀರು ಒಂದು ನಿಮಿಷ ನಿಂತ್ರೂ ಕರಗಿ ದೋಣಿಯೊಳಗೇ ಹೊಗೆ ಬಿಡುತ್ತೆ, ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ.

ಆ ಹೋಸ್ ಜೊತೆ ಕುಸ್ತಿ ಆಡಿದ್ದು ಬೇರೆಯೇ ಕಥೆ. ತಂತಿ ಇರೋದ್ರಿಂದ ಚಾಕು ನಡೆಯಲ್ಲ, ಮೊದಲು ರಬ್ಬರನ್ನ ಸುತ್ತ ಚಾಕುವಿನಿಂದ ಕುಯ್ದು ಆಮೇಲೆ ತಂತಿಯನ್ನ ಹ್ಯಾಕ್ಸಾದಲ್ಲಿ ಕತ್ತರಿಸ್ಬೇಕು, ತಂತಿಯ ತುದಿ ಹೊರಗೆ ಚಾಚ್ಕೊಂಡಿದ್ರೆ ಅದು ನಿಮ್ಮ ಅಂಗೈಯನ್ನೇ ಹುಡುಕ್ಕೊಂಡು ಬರುತ್ತೆ. ತುದಿಯನ್ನ ಬಿಸಿನೀರಲ್ಲಿ ಎರಡು ನಿಮಿಷ ಅದ್ದಿ, ಸೋಪ್ ನೀರು ಸವರಿ, ತಿರುಚ್ತಾ ತಿರುಚ್ತಾ ತಳ್ಳಿದ್ರೆ ಕೂರುತ್ತೆ. ಗ್ರೀಸ್ ಹಚ್ಬೇಡಿ, ಸೋಪ್ ಒಣಗಿ ಹಿಡ್ಕೊಳ್ಳುತ್ತೆ, ಗ್ರೀಸ್ ಜಾರ್ತಾನೇ ಇರುತ್ತೆ, ರಬ್ಬರನ್ನೂ ಹಾಳು ಮಾಡುತ್ತೆ. ಪ್ರತಿ ಜಾಯಿಂಟ್‌ಗೂ ಎರಡೆರಡು 316 ಸ್ಟೇನ್‌ಲೆಸ್ ಕ್ಲಾಂಪ್, ಸ್ಕ್ರೂಗಳು ಎದುರುಬದುರು ಬರೋ ಹಾಗೆ.

ಟ್ರಾನ್ಸಮ್‌ಗೆ ಒಂದು ಬಾಲ್ ವಾಲ್ವ್ ಹಾಕು, ಎಂಜಿನ್ ನಿಲ್ಲಿಸಿದಾಗ ಮುಚ್ಚು, ಪೂರ್ತಿ ನಿಶ್ಚಿಂತೆ ಅಂತ ಒಬ್ರು ಹೇಳಿದ್ರು. ನಾನು ಹಾಕ್ಲಿಲ್ಲ. ನನ್ನ ಮರೆವು ನನಗೆ ಗೊತ್ತು, ಯಾವತ್ತೋ ಒಂದಿನ ಮುಚ್ಚಿದ ಹಾಗೇ ಸ್ಟಾರ್ಟ್ ಮಾಡೋದು ಗ್ಯಾರಂಟಿ. ಹಿಂದಿನಿಂದ ದೊಡ್ಡ ಅಲೆ ಬೆನ್ನು ಹತ್ತೋ ಕಡೆ ದೂರ ಹೋಗೋರಿಗೆ ಅದು ಬೇಕಾಗಬಹುದು, ನನ್ನ ಓಡಾಟಕ್ಕೆ ಗೂಸ್‌ನೆಕ್ ಸಾಕು.

ಮೂರು ವಾರ ಚೆನ್ನಾಗಿ ಓಡ್ತು. ನಾಲ್ಕನೇ ವಾರ ಮತ್ತೆ ಲಂಗರು, ಮತ್ತೆ ಮಧ್ಯಾಹ್ನ. ಪುಣ್ಯಕ್ಕೆ ಹೆದರಿಕೆ ಇನ್ನೂ ಹೋಗಿರ್ಲಿಲ್ಲ, ಕೀ ಮುಟ್ಟೋ ಮುಂಚೆ ವಾಟರ್‌ಲಾಕ್‌ನ ಡ್ರೈನ್ ಬಿಚ್ಚಿದೆ. ಬಕೆಟ್ ತುಂಬ್ತಾನೇ ಇದೆ, ನಿಲ್ತಾನೇ ಇಲ್ಲ. ಸಮುದ್ರ ಅವತ್ತು ಕನ್ನಡಿ ಥರ ಇತ್ತು, ಒಂದು ಅಲೆ ಇಲ್ಲ. ಹೊಸ ಫ್ಲಾಪು ಹೊಸ ಗೂಸ್‌ನೆಕ್ಕು ಎಲ್ಲ ಅಲ್ಲೇ ಮಿಂಚ್ತಾ ಕೂತಿವೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೆ ನಾನು.

ಆಗ ಬುದ್ಧಿ ಬಂತು, ಊಹೆ ಬಿಟ್ಟು ಅಳೆಯೋಣ ಅಂತ. ಬಹಳ ಸುಲಭದ ಟೆಸ್ಟು, ಮೊದಲೇ ಮಾಡಿದ್ರೆ ಅರ್ಧ ದಿನದ ಕೆಲಸ. ಎಂಜಿನ್ ಬಿಸಿಯಾಗೋವರೆಗೆ ಓಡಿಸಿ ಆಫ್ ಮಾಡಿ ತಕ್ಷಣ ಡ್ರೈನ್ ಬಿಚ್ಚಿ ಅಳೆದೆ: 1.8 ಲೀಟರ್. ಇದು ಸಹಜವಾಗಿ ಇರ್ಬೇಕಾದ ನೀರು. ಮತ್ತೆ ಓಡಿಸಿ, ಆಫ್ ಮಾಡಿ, ಸೀಕಾಕ್ ಮುಚ್ಚಿ ಒಂದು ಗಂಟೆ ಕಾದು ಅಳೆದೆ: 1.8. ಮೂರನೇ ಸಲ ಸೀಕಾಕ್ ತೆರೆದೇ ಬಿಟ್ಟು ಒಂದು ಗಂಟೆ: 2.9. ನಾಲ್ಕನೇ ಸಲ ಸೀಕಾಕ್ ತೆರೆದು, ಟ್ರಾನ್ಸಮ್ ಬಾಯಿಗೆ ಹೊರಗಿಂದ ಮರದ ಬಿರಡೆ ಹೊಡೆದು ಒಂದು ಗಂಟೆ: ಮತ್ತೆ 2.9. (ಬಿರಡೆಗೆ ಕೆಂಪು ಬಟ್ಟೆ ಕಟ್ಟಿ ಅದರ ಇನ್ನೊಂದು ತುದಿಯನ್ನ ಕೀ ಹತ್ರ ಕಟ್ಟಿದ್ದೆ, ಮರೆವಿನ ವಿಷಯ ಮೇಲೆ ಹೇಳಿದ್ನಲ್ಲ.) ಅಂದ್ರೆ ಹಿಂದಿನ ಬಾಗಿಲು ಪೂರ್ತಿ ಮುಚ್ಚಿದ್ರೂ ಗಂಟೆಗೆ 1.1 ಲೀಟರ್ ಬರ್ತಾನೇ ಇದೆ, ಸೀಕಾಕ್ ಮುಚ್ಚಿದ್ರೆ ಮಾತ್ರ ನಿಲ್ಲುತ್ತೆ. ನೀರು ಬರ್ತಿರೋದು ಎಂಜಿನ್ ತಣ್ಣಗೆ ಮಾಡೋ ದಾರಿಯಲ್ಲೇ.

ನನ್ನ ಹಳೇ ವಾಟರ್‌ಲಾಕ್ 4.5 ಲೀಟರ್‌ದು. 1.8 ಮೊದಲೇ ಇರುತ್ತೆ, ಇನ್ನು 2.7 ತುಂಬೋಕೆ ಎರಡೂವರೆ ಗಂಟೆ, ಆಮೇಲೆ ಎರಡೂ ಕಡೆಯ ಹೋಸ್‌ಗಳಲ್ಲಿ ಮೇಲೇರಿ ಎಲ್ಬೋ ಮುಟ್ಟೋಕೆ ಇನ್ನೊಂದು ಒಂದೂವರೆ ಗಂಟೆ. ಐದು ಗಂಟೆ ಲಂಗರಲ್ಲಿ ನಿಂತಿದ್ದು ಈಗ ನೆನಪಾಯ್ತು. ಸಂಜೆ ದೋಣಿ ಕಟ್ಟಿ ಮನೆಗೆ ಹೋಗುವಾಗ ನಾನು ಯಾವಾಗ್ಲೂ ಸೀಕಾಕ್ ಮುಚ್ತೀನಿ, ಅದಕ್ಕೇ ಅಷ್ಟು ವರ್ಷ ಬಚಾವಾಗಿದ್ದೆ. ಲಂಗರಲ್ಲಿ ಯಾರು ಮುಚ್ತಾರೆ.

ಇನ್ನು ಯಾಕೆ ಬರುತ್ತೆ ಅನ್ನೋದು. ಬೀಸುಗಾಳಿ ಇಲ್ಲದ ದಿನ ನೋಡಿ ಒಂದು ಪಾರದರ್ಶಕ ಪೈಪಲ್ಲಿ ನೀರು ತುಂಬಿ ಹೊರಗಿನ ನೀರಿನ ಮಟ್ಟವನ್ನ ಎಂಜಿನ್ ರೂಮಿನ ಗೋಡೆ ಮೇಲೆ ಟೇಪ್ ಹಾಕಿ ಗುರುತು ಮಾಡಿದೆ, ಗಾರೆಯವರು ಮಟ್ಟ ನೋಡ್ತಾರಲ್ಲ ಹಾಗೆ. ನೋಡಿದ್ರೆ ಎಲ್ಬೋದಲ್ಲಿ ನೀರು ಬೀಳೋ ಜಾಗ ಟೇಪಿಗಿಂತ 8 ಸೆಂ.ಮೀ. ಕೆಳಗಿದೆ, ಎಲ್ಬೋ ಬಾಗೋ ನೆತ್ತಿ ಕೂಡ 4 ಸೆಂ.ಮೀ. ಕೆಳಗೆ. ಅಂದ್ರೆ ನನ್ನ ಎಂಜಿನ್‌ನ ಎಲ್ಬೋ ಪೂರ್ತಿ ಸಮುದ್ರದ ಮಟ್ಟಕ್ಕಿಂತ ತಗ್ಗಲ್ಲಿ ಕೂತಿದೆ! ಎಂಜಿನ್ ನಿಂತ್ಮೇಲೆ ಹೋಸ್ ತುಂಬ ನೀರಿದ್ರೆ ಅದು ಸೈಫನ್ ಆಗಿ, ಅಂದ್ರೆ ಮುಂದೆ ಇಳಿಯೋ ನೀರು ಹಿಂದಿನ ನೀರನ್ನ ಎಳ್ಕೊಂಡು, ಹರೀತಾನೇ ಇರುತ್ತೆ, ಒಳಗೂ ಹೊರಗೂ ಮಟ್ಟ ಒಂದಾಗೋವರೆಗೆ. ನಡುವೆ ಪಂಪ್‌ನ ರಬ್ಬರ್ ಇಂಪೆಲರ್ ಇದೆಯಲ್ಲ ಅದು ತಡೆಯಲ್ವಾ ಅಂದ್ರೆ, ಹೊಸದಿದ್ದಾಗ ಒಂದಷ್ಟು ತಡೆಯುತ್ತೆ, ಆದ್ರೆ ಅದು ವಾಲ್ವ್ ಅಲ್ಲ. ರೆಕ್ಕೆಗಳು ಸವೆದು ಬಾಗಿ ಕೂತ್ರೆ ಪಕ್ಕದಲ್ಲಿ ಸಂದು ಬಿಡುತ್ತೆ, ಅದೂ ಯಾವ ರೆಕ್ಕೆ ಎಲ್ಲಿ ಬಂದು ನಿಂತಿದೆ ಅನ್ನೋದರ ಮೇಲೆ ಒಂದು ದಿನ ಸೋರುತ್ತೆ ಒಂದು ದಿನ ಸೋರಲ್ಲ. ಆ ಮೂರು ವಾರ ಚೆನ್ನಾಗಿ ಓಡಿದ್ದಕ್ಕೆ ಕಾರಣ ನನ್ನ ಗೂಸ್‌ನೆಕ್ ಅಲ್ಲ, ಅದೃಷ್ಟ.

ಇಂಥ ಎಂಜಿನ್‌ಗಳಿಗೆ ಆಂಟಿ ಸೈಫನ್ ಲೂಪ್ ಅಂತ ಇರ್ಲೇಬೇಕು. ನೀರು ಬೀಳೋ ಜಾಗ ನೀರಿನ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲೆ ಇಲ್ಲದಿದ್ರೆ ಹಾಕಿ ಅಂತ ಬಹಳಷ್ಟು ಎಂಜಿನ್ ಮ್ಯಾನುಯಲ್‌ಗಳೂ ಹೇಳುತ್ತವೆ. ಹೀಟ್ ಎಕ್ಸ್‌ಚೇಂಜರ್‌ನಿಂದ ಎಲ್ಬೋಗೆ ಹೋಗೋ ಹೋಸ್‌ನ ಮೇಲಕ್ಕೆ ಎತ್ತಿ, ನೆತ್ತಿಯಲ್ಲಿ ಗಾಳಿ ಎಳ್ಕೊಳ್ಳೋ ಒಂದು ಸಣ್ಣ ವಾಲ್ವ್ ಇಡೋದು. ಎಂಜಿನ್ ನಿಂತ ಕೂಡಲೇ ಅಲ್ಲಿಂದ ಗಾಳಿ ಒಳಗೆ ಬಂದು ನೀರಿನ ಸರಪಳಿ ತುಂಡಾಗುತ್ತೆ. ನನ್ನ ದೋಣಿಯಲ್ಲಿ ಇದು ಇಲ್ಲವೇ ಇಲ್ಲ ಅನ್ಕೊಂಡಿದ್ದೆ. ಹೋಸ್ ಹಿಡ್ಕೊಂಡು ಹೋದ್ರೆ ಅದು ಒಂದು ಪ್ಯಾನೆಲ್ ಹಿಂದೆ ಮಾಯ ಆಗುತ್ತೆ, ಪ್ಯಾನೆಲ್ ಬಿಚ್ಚಿದ್ರೆ ಇದೆ ಮಹಾರಾಯ! ಕಂಚಿನ ಲೂಪು, ನೆತ್ತಿಯಲ್ಲಿ ವಾಲ್ವ್ ಇರ್ಬೇಕಾದ ತೂತು, ಆ ತೂತಿನ ತುಂಬ ಗಟ್ಟಿಯಾಗಿ ಒಣಗಿದ ಬಿಳಿ ಸೀಲೆಂಟು.

ಯಾರು ಯಾವಾಗ ಮಾಡಿದ್ರೋ ಗೊತ್ತಿಲ್ಲ, ಯಾಕೆ ಮಾಡಿದ್ರು ಅಂತ ಮಾತ್ರ ನೋಡಿದ್ರೇ ತಿಳಿಯುತ್ತೆ. ನೇರ ಕೆಳಗೆ ಆಲ್ಟರ್ನೇಟರ್ ಇದೆ, ಅದರ ಮೇಲೆ ಹಸಿರು ಕಿಲುಬು. ವಾಲ್ವ್‌ನಲ್ಲಿ ಉಪ್ಪು ಕಟ್ಕೊಂಡು ಪೂರ್ತಿ ಮುಚ್ಚದೆ ಹನಿ ಹನಿ ಆಲ್ಟರ್ನೇಟರ್ ಮೇಲೆ ಬೀಳ್ತಿತ್ತು, ಬಿಚ್ಚಿ ತೊಳೆಯೋ ಬದಲು ಸೀಲೆಂಟ್ ಒತ್ತಿದ್ದಾರೆ. ಹನಿ ನಿಲ್ತು. ಜೊತೆಗೆ ಸೈಫನ್ ತಡೆಯೋಕೆ ಅಂತ ಇಟ್ಟ ಲೂಪು ತಾನೇ ಸೈಫನ್ ಪೈಪ್ ಆಗೋಯ್ತು. ಎರಡು ವಾರಾಂತ್ಯ ಲಾಕರ್‌ನಲ್ಲಿ ತಲೆಕೆಳಗಾಗಿ ಮಲಗಿ ಹೋಸ್ ಎಳೆದದ್ದು ನೆನಪಾಗಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ, ತಮ್ಮ ಮಾತ್ರ ಸರಿಯಾಗಿ ನಕ್ಕ.

ಹಳೇದನ್ನ ತೊಳೆದು ಹಾಕಬಹುದಿತ್ತು, ಆದ್ರೆ ಜಾಗವೂ ತಪ್ಪಿತ್ತು. ದೋಣಿಯ ಎಡಗೋಡೆಗೆ ಒತ್ತಿಕೊಂಡಿತ್ತು, ನಡು ಗೆರೆಯಿಂದ 60 ಸೆಂ.ಮೀ. ದೂರ. ನಿಂತ ದೋಣಿಯಲ್ಲಿ ಎತ್ತರ ಸಾಕು ಅನ್ಸುತ್ತೆ, ಹಾಯಿ ಹಾಕಿ 25 ಡಿಗ್ರಿ ವಾಲಿದಾಗ ನಡುವಿಂದ 60 ಸೆಂ.ಮೀ. ದೂರ ಇರೋದು ಸುಮಾರು 25 ಸೆಂ.ಮೀ. ಕೆಳಗೆ ಇಳಿಯುತ್ತೆ. ಅದಕ್ಕೆ ಹೊಸ ಲೂಪನ್ನ ಮೆಟ್ಟಿಲ ಹಿಂದೆ, ಹೆಚ್ಚುಕಮ್ಮಿ ನಡು ಗೆರೆ ಮೇಲೇ, ನೆತ್ತಿ ಟೇಪಿಗಿಂತ 40 ಸೆಂ.ಮೀ. ಮೇಲೆ ಬರೋ ಹಾಗೆ ಕೂರಿಸಿದೆ. ಹೋಸ್ 19 ಮಿ.ಮೀ. ಒಂದು ಎಚ್ಚರಿಕೆ, ಲೂಪ್ ಪಂಪ್ ಆದ್ಮೇಲೆಯೇ ಇರ್ಬೇಕು. ಸೀಕಾಕ್‌ಗೂ ಪಂಪ್‌ಗೂ ನಡುವೆ ಹಾಕಿದ್ರೆ ಪಂಪು ನೀರಿನ ಬದಲು ಆ ತೂತಿಂದ ಗಾಳಿ ಕುಡಿದು ಎಂಜಿನ್ ಸುಡುತ್ತೆ.

ವಾಲ್ವ್ ಹಾಕ್ಲೇ ಇಲ್ಲ. ಅದೇ ತಾನೇ ಕೈಕೊಟ್ಟಿದ್ದು. ನೆತ್ತಿಯ ತೂತಿಗೆ 8 ಮಿ.ಮೀ. ಸಣ್ಣ ಪೈಪ್ ಜೋಡಿಸಿ ಮೇಲಕ್ಕೆ ಒಯ್ದು ಕಾಕ್‌ಪಿಟ್‌ನ ಡ್ರೈನ್ ಮೇಲೆ ಬಾಯಿ ಬಿಟ್ಟೆ. ಎಂಜಿನ್ ಓಡುವಾಗ ಅಲ್ಲಿಂದ ಸಣ್ಣಗೆ ನೀರು ಸುರೀತಾ ಇರುತ್ತೆ, ಕೂಲಿಂಗ್ ನೀರು ಹರೀತಿದೆ ಅಂತ ಚುಕ್ಕಾಣಿ ಹಿಡಿದಲ್ಲಿಂದಲೇ ಕಾಣುತ್ತೆ, ಎಂಜಿನ್ ನಿಂತ್ರೆ ಅಲ್ಲಿಂದಲೇ ಗಾಳಿ ಒಳಗೆ ಬರುತ್ತೆ. ಅಂಟಿಕೊಳ್ಳೋಕೆ, ಉಪ್ಪು ಹಿಡಿಯೋಕೆ ಏನೂ ಇಲ್ಲ. ಪೈಪಿನ ತುದಿ ಮಾತ್ರ ಯಾವತ್ತೂ ನೀರಲ್ಲಿ ಮುಳುಗಬಾರದು, ಮುಳುಗಿದ್ರೆ ಗಾಳಿ ಸಿಗದೆ ಮತ್ತೆ ಹಳೇ ಕಥೆ. ಕಾಕ್‌ಪಿಟ್ ಒದ್ದೆ ಆಗುತ್ತೆ ಅಂತ ಕೆಲವರು ಮೂಗು ಮುರೀತಾರೆ, ಆಗ್ಲಿ ಬಿಡಿ.

ಮತ್ತೆ ಅದೇ ಒಂದು ಗಂಟೆ ಟೆಸ್ಟು, ಸೀಕಾಕ್ ತೆರೆದಿಟ್ಟು: 1.8. ರಾತ್ರಿಯಿಡೀ ದೋಣಿಯಲ್ಲೇ ಮಲಗಿ ಬೆಳಗ್ಗೆ ಅಳೆದೆ: 1.8.

ಕೆಲಸ ಇಲ್ಲಿಗೇ ನಿಲ್ಲಿಸಬಹುದಿತ್ತು, ಆದ್ರೆ ಎಲ್ಬೋ ಮೇಲೆ ಅನುಮಾನ ಶುರುವಾಗಿತ್ತು. ಅದರೊಳಗೆ ಹೊಗೆಗೂ ನೀರಿಗೂ ನಡುವೆ ಒಂದು ಗೋಡೆ ಇರುತ್ತೆ, ಉಪ್ಪು, ಬಿಸಿ, ಹೊಗೆಯ ಆಮ್ಲ ಮೂರೂ ಸೇರಿ ಅದನ್ನ ತಿನ್ನುತ್ತವೆ. ತೂತು ಬಿದ್ರೆ ನೀರು ವಾಟರ್‌ಲಾಕ್ ಕಡೆ ಹೋಗೋ ಬದಲು ನೇರ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಕಡೆಗೇ ತಿರುಗುತ್ತೆ, ಆಗ ಯಾವ ಲೂಪೂ ಗೂಸ್‌ನೆಕ್ಕೂ ಉಪಯೋಗಕ್ಕಿಲ್ಲ. ನಾಲ್ಕು ನಟ್, ಅರ್ಧ ಗಂಟೆ ಕೆಲಸ ಅನ್ಕೊಂಡು ಶುರು ಮಾಡ್ದೆ. ಮೂರು ಬಂತು. ನಾಲ್ಕನೇದಕ್ಕೆ ಮೂರು ದಿನ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಹೀಟ್ ಗನ್ ಹಿಡಿದು, ಹಿಂದೆಮುಂದೆ ಅಲ್ಲಾಡಿಸಿ, ಇನ್ನೇನು ಬಂತು ಅನ್ನುವಾಗ ಕೈಗೆ ಬೆಣ್ಣೆಯಷ್ಟು ಮೆತ್ತಗೆ ಅನ್ನಿಸ್ತು. ಸ್ಟಡ್ ಮುರೀತು. ಉಳಿದ ಮೊಂಡು ತುಂಡು 6 ಮಿ.ಮೀ. ಹೊರಗಿತ್ತು, ಅದಕ್ಕೆ ಎರಡು ನಟ್ ಲಾಕ್ ಮಾಡಿ ತಿರುಗಿಸೋಕೆ ಜಾಗ ಸಾಲದು, ಕೊನೆಗೆ ವೆಲ್ಡಿಂಗ್ ಮಾಡೋರನ್ನ ಕರೆಸಿ ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿಸಿ, ಆ ಬಿಸಿಗೆ ಸಡಿಲವಾಗಿ, ಸ್ಪ್ಯಾನರ್ ಹಾಕಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸರಸರ ಬಂತು. ಮೊದಲೇ ಹಾಗೆ ಬಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಂತ ಅದನ್ನೇ ಬೈದೆ.

ಎಲ್ಬೋ ಒಳಗೆ ಕಾರ್ಬನ್ ಕಟ್ಟಿ ದಾರಿ ಅರ್ಧಕ್ಕರ್ಧ ಮುಚ್ಚಿತ್ತು. ಗೋಡೆ ಇನ್ನೂ ತೂತು ಬಿದ್ದಿರ್ಲಿಲ್ಲ, ಆದ್ರೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದ್ರೆ ಪುಡಿ ಉದುರ್ತಿತ್ತು. ಬೀಡು ಕಬ್ಬಿಣದ್ದನ್ನ ಬಿಸಾಕಿ ಸ್ಟೇನ್‌ಲೆಸ್‌ದು ಹಾಕ್ದೆ, ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್, ಥ್ರೆಡ್‌ಗೆ ಆಂಟಿ ಸೀಝ್ ಪೇಸ್ಟ್.

ಎಲ್ಬೋ ಬಿಚ್ಚಿದ ಮೇಲೆ ವಾಟರ್‌ಲಾಕ್ ಕಡೆಗೂ ಕಣ್ಣು ಹೋಯ್ತು. 50 ಮಿ.ಮೀ. ಹೋಸ್ ಒಂದು ಮೀಟರ್‌ಗೆ ಹತ್ರ ಹತ್ರ 2 ಲೀಟರ್ ಹಿಡಿಯುತ್ತೆ, ನನ್ನದರಲ್ಲಿ ಡಬ್ಬಿಯಿಂದ ಗೂಸ್‌ನೆಕ್ ನೆತ್ತಿವರೆಗೆ ಒಂದೂವರೆ ಮೀಟರ್, ಅಂದ್ರೆ ಪೂರ್ತಿ ತುಂಬಿದ್ರೆ 3 ಲೀಟರ್ ವಾಪಸ್ ಬೀಳಬಹುದು. ನಿಜದಲ್ಲಿ ಹೋಸ್ ತುಂಬ ನೀರು ಇರಲ್ಲ, ಹೊಗೆನೂ ಬೆರೆತಿರುತ್ತೆ, ಆದ್ರೂ 4.5 ಲೀಟರ್ ಡಬ್ಬಿ ತೀರಾ ಇಕ್ಕಟ್ಟು. ಅದೂ ಅಲ್ದೆ ನೀರು ಬೀಳೋ ಜಾಗದಿಂದ ಡಬ್ಬಿ ಬಾಯಿಗೆ 18 ಸೆಂ.ಮೀ. ಇಳಿತ ಮಾತ್ರ ಇತ್ತು, 30 ಇದ್ರೆ ಒಳ್ಳೇದು. 8 ಲೀಟರ್‌ದು ತಂದು, ಹಳೇ ಮರದ ಸೀಟನ್ನ ಕುಯ್ದು ಕೆಳಗಿಳಿಸಿ, ಅಲ್ಲಾಡದ ಹಾಗೆ ಬೆಲ್ಟ್ ಬಿಗಿದೆ.

ಹಾಗಂತ ಇಳಿಸ್ತಾ ಹೋಗೋದು, ಗೂಸ್‌ನೆಕ್ ಎತ್ತುತ್ತಾ ಹೋಗೋದು ಮಾಡ್ಬಾರ್ದು, ಆ ಎತ್ತರಕ್ಕೆಲ್ಲ ನೀರು ತಳ್ಳಬೇಕಾಗಿರೋದು ಪಾಪ ಎಂಜಿನ್ನೇ. ಒಂದು ಮೀಟರ್ ನೀರಿನ ಕಂಬ ಅಂದ್ರೆ ಹತ್ತಿರ ಹತ್ತಿರ 10 ಕಿಲೋಪಾಸ್ಕಲ್ ಬ್ಯಾಕ್ ಪ್ರೆಶರ್. ನನ್ನದು ಡಬ್ಬಿ ತಳದಿಂದ ಗೂಸ್‌ನೆಕ್ ನೆತ್ತಿಗೆ ಈಗ 95 ಸೆಂ.ಮೀ. ಅದನ್ನೂ ಅಳೆದೇ ಬಿಡೋಣ ಅಂತ ಎಲ್ಬೋದ ಒಣ ಭಾಗದಲ್ಲಿದ್ದ ಪ್ಲಗ್ ಬಿಚ್ಚಿ, ಒಂದು ಮೀಟರ್ ತಾಮ್ರದ ಪೈಪು, ಆಮೇಲೆ ಪಾರದರ್ಶಕ ಪೈಪನ್ನ ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಹಲಗೆಗೆ ಕಟ್ಟಿದೆ. ತಾಮ್ರ ಯಾಕಂದ್ರೆ ಅಲ್ಲಿ ಬರೋದು ನೀರು ಬೆರೆಯದ ಸುಡು ಹೊಗೆ, ಪ್ಲಾಸ್ಟಿಕ್ ನೇರ ಸಿಕ್ಕಿಸಿದ್ರೆ ಮುಗೀತು. ನೀರು ಹುಚ್ಚೆದ್ದು ಕುಣೀತಿತ್ತು, ಪೈಪನ್ನ ಸ್ವಲ್ಪ ಹಿಸುಕಿ ಹಿಡಿದ್ಮೇಲೆ ನಿಂತ್ತು. ದೋಣಿಯನ್ನ ಗಟ್ಟಿಯಾಗಿ ಕಟ್ಟಿ ಗೇರಲ್ಲಿ ಫುಲ್ ಥ್ರಾಟಲ್: ಎರಡು ಮಟ್ಟಗಳ ವ್ಯತ್ಯಾಸ 68 ಸೆಂ.ಮೀ. ನನ್ನ ಎಂಜಿನ್‌ಗೆ ಹೇಳಿರೋ ಮಿತಿಯ ಒಳಗೇ. ಟರ್ಬೋ ಇರೋ ಎಂಜಿನ್‌ಗಳಿಗೆ ಮಿತಿ ಇನ್ನೂ ಕಡಿಮೆ ಇರುತ್ತೆ, ನಿಮ್ಮ ಮ್ಯಾನುಯಲ್ ನೋಡಿ.

ಕೊನೇ ಕಳ್ಳ ಸಿಕ್ಕಿದ್ದು ದೋಣಿ ಮೇಲೆತ್ತಿದಾಗ. ಸೀಕಾಕ್‌ನ ಹೊರಗೆ ಕಸ ತಡೆಯೋಕೆ ಒಂದು ಸ್ಕೂಪ್ ಇತ್ತು, ಅದರ ಬಾಯಿ ಮುಂದಕ್ಕೆ ತಿರುಗಿತ್ತು. ವೇಗದ ಮೋಟರ್ ದೋಣಿಗೆ ಸರಿ, ಓಡುವಾಗ ನೀರು ತಾನಾಗೇ ಒಳಗೆ ತಳ್ಳುತ್ತೆ. ಹಾಯಿದೋಣಿಯಲ್ಲಿ ಎಂಜಿನ್ ಆಫ್ ಇರುವಾಗ್ಲೂ ದೋಣಿ ಓಡುತ್ತಲ್ಲ! 6 ನಾಟ್ ಅಂದ್ರೆ ಸೆಕೆಂಡಿಗೆ 3.1 ಮೀಟರ್, ಆ ವೇಗದ ನೀರು ಎದುರಿಗೆ ಬಡಿದ್ರೆ ಲೆಕ್ಕದ ಪ್ರಕಾರ 49 ಸೆಂ.ಮೀ. ಎತ್ತರಕ್ಕೆ ಏರೋ ಒತ್ತಡ. ನನ್ನ ಹೊಸ ಲೂಪಿನ ನೆತ್ತಿ 40. ಸೈಫನ್ ಆದ್ರೆ ಗಾಳಿ ಬಿಟ್ಟು ಮುರೀಬಹುದು, ಇದು ಹಿಂದಿನಿಂದ ತಳ್ಳೋ ಒತ್ತಡ, ಗಾಳಿ ತೂತು ಇದ್ರೂ ಲೂಪ್ ದಾಟಿ ಆ ಕಡೆ ಬೀಳುತ್ತೆ. ಇಂಪೆಲರ್ ತಡೆಯೋದ್ರಿಂದ ಪೂರ್ತಿ 49 ಸಿಗಲ್ಲ, ಆದ್ರೂ ನನಗೆ ಆ ಜೂಜು ಬೇಡ. ಸ್ಕೂಪ್ ಬಿಚ್ಚಿ ಚಪ್ಪಟೆ ಜಾಲರಿ ಹಾಕ್ದೆ. ಇನ್ನೊಂದು ದೋಣಿ ನಿಮ್ಮನ್ನ ಎಳ್ಕೊಂಡು ಹೋಗುವಾಗಲೂ ಇದೇ ಲೆಕ್ಕ, ಆಗ ಸೀಕಾಕ್ ಮುಚ್ಚಿ ಕೂರೋದೇ ವಾಸಿ.

ಇನ್ನು ಉಳಿದಿದ್ದು ನಮ್ಮ ಕೈಯಿಂದಲೇ ಆಗೋ ಅನಾಹುತ. ಡೀಸೆಲ್ ಲೈನಲ್ಲಿ ಗಾಳಿ ಸೇರಿ ಎಂಜಿನ್ ಹಿಡೀತಿಲ್ಲ ಅಂತ ಸ್ಟಾರ್ಟರ್ ಹೊಡೀತಾನೇ ಇರ್ತೀವಲ್ಲ, ಅಷ್ಟೊತ್ತೂ ಪಂಪು ನೀರು ತಳ್ತಾ ಇರುತ್ತೆ, ಹೊರಗೆ ನೂಕೋಕೆ ಹೊಗೆ ಇರಲ್ಲ, ಡಬ್ಬಿ ತುಂಬಿ ಎಂಜಿನ್‌ಗೇ ಬರುತ್ತೆ. ಎರಡು ಮೂರು ಸಲಕ್ಕೆ ಹಿಡೀಲಿಲ್ಲ ಅಂದ್ರೆ ನಾನೀಗ ಸೀಕಾಕ್ ಮುಚ್ಚಿ ಡಬ್ಬಿ ಡ್ರೈನ್ ಮಾಡಿ ಆಮೇಲೆ ಮುಂದುವರಿಸ್ತೀನಿ, ಹಿಡಿದ ಮರುಕ್ಷಣ ಸೀಕಾಕ್ ತೆರೀಬೇಕು, ಇಲ್ಲಾಂದ್ರೆ ಒಣಗಿದ ಇಂಪೆಲರ್ ಚೂರಾಗುತ್ತೆ. ಒಬ್ಬನೇ ಇದ್ರೆ ಕಷ್ಟ, ಅದಕ್ಕೆ ತಮ್ಮನನ್ನ ಸೀಕಾಕ್ ಹತ್ರ ಕೂರಿಸಿ "ತೆಗಿ" ಅಂತ ಕೂಗ್ತೀನಿ. ಎಂಜಿನ್ ಕೀ ಈಗ ಸೀಕಾಕ್‌ನ ಹಿಡಿಗೇ ನೇತಾಕಿರ್ತೀನಿ, ಅದನ್ನ ಮುಟ್ಟದೆ ಕೀ ಸಿಗಲ್ಲ.

ಇದಾಗಿ ಒಂದು ಸೀಸನ್ ಆಯ್ತು. ಪ್ರತಿ ತಿಂಗಳು ಒಂದ್ಸಲ ಒಂದು ಗಂಟೆ ಟೆಸ್ಟ್ ಮಾಡಿ ಅಳತೆಯನ್ನ ಎಂಜಿನ್ ರೂಮಿನ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೀತೀನಿ. ಹೊಸ ಡಬ್ಬಿ ಬಂದ್ಮೇಲೆ ಸಹಜ ಮಟ್ಟ 2.2 ಲೀಟರ್, ಇವತ್ತು ಬೆಳಗ್ಗೆನೂ 2.2. ಸೀಲೆಂಟ್ ತುಂಬಿದ್ದ ಆ ಹಳೇ ಲೂಪು ಟೂಲ್ ಬಾಕ್ಸ್‌ನಲ್ಲಿದೆ, ಬಿಸಾಕೋಕೆ ಮನಸ್ಸಾಗಿಲ್ಲ.